ಪೀಟರ್ ಮೊದಲೋ, ಡರೆಲ್ ಮೊದಲೋ?

ಕಳೆದ ಕೆಲವು ತಿಂಗಳುಗಳಲ್ಲಿ ನಾನು ಎರಡು ಇಂಗ್ಲಿಷ್ ಪುಸ್ತಕಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಓದಿದೆ. ಒಂದು, ರಾಬರ್ಟ್ ಕೆ. ಮ್ಯಾಸಿ ಅವರ ‘ಪೀಟರ್ ದಿ ಗ್ರೇಟ್: ಹಿಸ್ ಲೈಫ್ ಅಂಡ್ ವರ್ಲ್ಡ್’. 1980ರಲ್ಲಿ ಪ್ರಕಟವಾಗಿ ಮರುವರ್ಷವೇ ಪುಲಿಟ್ಜರ್ ಬಹುಮಾನ ಪಡೆದ, ರಷ್ಯಾದ ದೊರೆ ಪೀಟರನ, ಒಂಬೈನೂರು ಪುಟಗಳನ್ನು ಮೀರಿದ ಐತಿಹಾಸಿಕ ಜೀವನಚರಿತ್ರೆ ಇದು. ಇನ್ನೊಂದು, ಜೆರಾಲ್ಡ್ ಡರೆಲ್ ಅವರು 1956ರಲ್ಲಿ ಪ್ರಕಟಿಸಿದ ‘ಮೈ ಫ್ಯಾಮಿಲಿ ಅಂಡ್ ಅದರ್ ಅನಿಮಲ್ಸ್’. ಗ್ರೀಸ್ ದೇಶದ ಕೋರ್ಫು ದ್ವೀಪದಲ್ಲಿ ಕಳೆದ ಬಾಲ್ಯವನ್ನು ನಗುನಗುತ್ತ ಹೇಳುವ ಈ ನೆನಪಿನ ಪುಸ್ತಕ ಗಾತ್ರದಲ್ಲಿ ಮೊದಲನೆಯದರ ಮೂರನೆಯ ಒಂದು ಭಾಗವಿದ್ದೀತು. ಎರಡನ್ನೂ ಮೇಜಿನ ಮೇಲೆ ಕಂಡ ಆಪ್ತರೊಬ್ಬರು, ತಮಗೆ ಈಗ ಒಂದನ್ನು ಓದುವಷ್ಟು ಮಾತ್ರ ಬಿಡುವಿದೆ, ಯಾವುದನ್ನು ಕೊಡುತ್ತೀರಿ ಎಂದು ಕೇಳಿದರು. ನಾನು ಹೆಚ್ಚು ಯೋಚಿಸದೆ, ಸಣ್ಣದು, ನಗಿಸುತ್ತದೆ, ಬೇಗ ಮುಗಿಯುತ್ತದೆ ಎಂದು ಹೇಳಿ ಡರೆಲ್ ಅವರ ಪುಸ್ತಕವನ್ನು ಕೊಟ್ಟು ಕಳುಹಿಸಿದೆ. ಅವರು ಹೋದ ಮೇಲೆ, ನಾನು ಹೇಳಿದ ಮೂರು ಕಾರಣಗಳಲ್ಲಿ ಎರಡಂತೂ ತಪ್ಪು ಎಂದು ಅನ್ನಿಸತೊಡಗಿತು. ಕೊಟ್ಟ ಪುಸ್ತಕವೇ ತಪ್ಪೇ ಎಂಬುದನ್ನು ತೀರ್ಮಾನಿಸಲು ಮಾತ್ರ ಎರಡನ್ನೂ ಮತ್ತೊಮ್ಮೆ ತೂಗಿ ನೋಡಬೇಕಾಯಿತು.

ಮೊದಲು ಓದಿನ ಶ್ರಮದ ವಿಚಾರ. ಇತಿಹಾಸವೆಂದರೆ ಇಸವಿಗಳ ರಾಶಿ, ಹಾಸ್ಯವೆಂದರೆ ವಿಶ್ರಾಂತಿ ಎಂದು ನಾವು ಪುಸ್ತಕವನ್ನು ತೆರೆಯುವ ಮೊದಲೇ ನಂಬಿರುತ್ತೇವೆ. ಈ ಜೋಡಿಯ ಮಟ್ಟಿಗೆ ಆ ನಂಬಿಕೆ ತಲೆಕೆಳಗಾಗಿದೆ. ಮ್ಯಾಸಿ ಪತ್ರಕರ್ತರಾಗಿ ಪಳಗಿ ಬಂದವರು. ಅವರ ವಾಕ್ಯಗಳು ನೇರವಾಗಿವೆ, ಮಾತುಗಳು ವೃತ್ತಪತ್ರಿಕೆ ಓದಬಲ್ಲ ಯಾರಿಗೂ ತಿಳಿಯುವಂಥವು, ಮತ್ತು ಒಂದು ಅಧ್ಯಾಯ ಮುಗಿಯುವ ಹೊತ್ತಿಗೆ ಮುಂದೇನಾಯಿತು ಎಂಬ ಕುತೂಹಲವನ್ನು ಉಳಿಸಿಯೇ ಅವರು ನಿಲ್ಲಿಸುತ್ತಾರೆ. ರಾತ್ರಿ ಇಪ್ಪತ್ತು ಪುಟದಂತೆ ಓದಿದರೂ ಎಳೆ ತಪ್ಪುವುದಿಲ್ಲ, ಏಕೆಂದರೆ ಹುಟ್ಟಿನಿಂದ ಸಾವಿನವರೆಗಿನ ಒಂದು ಆಯುಷ್ಯವೇ ಆ ಎಳೆ. ಡರೆಲ್ ಅವರದು ಬೇರೆ ಬಗೆ. ಒಂದು ಆಲಿವ್ ತೋಪಿನ ಮಧ್ಯಾಹ್ನವನ್ನು ವರ್ಣಿಸಲು ಕುಳಿತರೆಂದರೆ ಬೆಳಕು, ವಾಸನೆ, ಜೀರುಂಡೆ, ಹೂವು, ಹಲ್ಲಿ ಎಲ್ಲವೂ ತಮ್ಮ ತಮ್ಮ ವಿಶೇಷಣಗಳನ್ನು ತೊಟ್ಟು ಸಾಲಾಗಿ ಬರುತ್ತವೆ. ಗಿಡ, ಕೀಟ, ಹಕ್ಕಿಗಳ ಹೆಸರುಗಳು ಬೇರೆ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಓದುಗರು ನಿಘಂಟನ್ನು ಹೆಚ್ಚು ಸಲ ತೆರೆಯಬೇಕಾಗುವುದು ಈ ಸಣ್ಣ ಪುಸ್ತಕಕ್ಕಾಗಿಯೇ. ಅದರ ಮೇಲೆ, ನಗೆಗೆ ಒಂದು ಮಿತಿಯಿದೆ. ಒಂದೇ ಪಟ್ಟಿನಲ್ಲಿ ಮೂರು ಅಧ್ಯಾಯಗಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕವರು ನಾಲ್ಕನೆಯದಕ್ಕೆ ಬರುವಾಗ ಮುಗುಳ್ನಗೆಗೆ ಇಳಿದಿರುತ್ತಾರೆ. ಐದನೆಯದರಲ್ಲಿ, ಈಗ ಅಣ್ಣ ಕೂಗಾಡುತ್ತಾನೆ, ಈಗ ತಾಯಿ ತಡೆಯುತ್ತಾಳೆ ಎಂದು ಮೊದಲೇ ಊಹಿಸತೊಡಗುತ್ತಾರೆ. ಬೇಗ ಮುಗಿಸಲು ಹೊರಟರೆ ಕೆಡುವ ಪುಸ್ತಕ ಇದು. ಬೇಗ ಮುಗಿಯುತ್ತದೆ ಎಂಬ ನನ್ನ ಶಿಫಾರಸು ಅಲ್ಲಿಗೇ ಬಿದ್ದುಹೋಯಿತು.

ಇನ್ನು ಪುಸ್ತಕಗಳ ಒಳಗಿನ ಮಾತು. ಎರಡೂ ಪುಸ್ತಕಗಳು ಹತ್ತರ ಪ್ರಾಯದ ಒಬ್ಬೊಬ್ಬ ಹುಡುಗನನ್ನು ನಮ್ಮೆದುರು ನಿಲ್ಲಿಸುತ್ತವೆ, ಮತ್ತು ನನ್ನ ಹೋಲಿಕೆಗೆ ಆಧಾರವಾದದ್ದು ಆ ಇಬ್ಬರು ಹುಡುಗರೇ. 1682ರ ಮೇ ತಿಂಗಳಲ್ಲಿ, ಹತ್ತು ತುಂಬಲು ಇನ್ನೂ ಕೆಲವು ದಿನಗಳಿದ್ದಾಗ, ಪೀಟರ್ ಮಾಸ್ಕೋದ ಕ್ರೆಮ್ಲಿನ್ ಅರಮನೆಯ ಮೆಟ್ಟಿಲುಗಳ ಮೇಲೆ ತಾಯಿ ನತಾಲ್ಯಾಳ ಪಕ್ಕದಲ್ಲಿ ನಿಂತಿದ್ದಾನೆ. ಕೆಳಗೆ ಸ್ಟ್ರೆಲ್ತ್ಸಿ ಎಂಬ ಪಡೆಯ ಸೈನಿಕರು, ಪೀಟರನ ಮಲಸಹೋದರ ಇವಾನನನ್ನು ಕೊಲ್ಲಲಾಗಿದೆ ಎಂಬ ಗಾಳಿಸುದ್ದಿಯನ್ನು ನಂಬಿ ಆಯುಧ ಹಿಡಿದು ನೆರೆದಿದ್ದಾರೆ. ಹುಡುಗರಿಬ್ಬರನ್ನೂ ಜೀವಂತ ಕರೆತಂದು ತೋರಿಸಿದರೂ ರೋಷ ಇಳಿಯುವುದಿಲ್ಲ. ತಾಯಿಯನ್ನು ಸಾಕಿ ಬೆಳೆಸಿದ ಮತ್ವೆಯೆವ್ ಎಂಬ ಹಿರಿಯನನ್ನು ಹುಡುಗನ ಕಣ್ಣೆದುರೇ ಎಳೆದು ಕೆಳಗೆ ಎತ್ತಿ ಹಿಡಿದ ಭರ್ಜಿಗಳ ಮೇಲೆ ಎಸೆಯುತ್ತಾರೆ. ಮುಂದಿನ ಒಂದೆರಡು ದಿನಗಳಲ್ಲಿ ಸೋದರಮಾವನನ್ನೂ ಅವರ ಕೈಗೆ ಒಪ್ಪಿಸಬೇಕಾಗುತ್ತದೆ. ಮ್ಯಾಸಿ ಇದನ್ನು ಅವಸರವಿಲ್ಲದೆ, ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾರೆ. ಆ ಪುಟಗಳನ್ನು ಓದಿದ ಮೇಲೆ, ಪೀಟರನಿಗೆ ಮಾಸ್ಕೋ ಏಕೆ ಸೇರಲಿಲ್ಲ, 1703ರಲ್ಲಿ ನೀವಾ ನದಿಯ ಮುಖದ ಜೌಗಿನಲ್ಲಿ ಹೊಸದೊಂದು ನಗರವನ್ನೇ ಕಟ್ಟುವ ಹಟ ಎಲ್ಲಿಂದ ಬಂತು ಎಂಬುದಕ್ಕೆ ಬೇರೆ ವಿವರಣೆ ಬೇಕೆನಿಸುವುದಿಲ್ಲ.

1935ರಲ್ಲಿ ಕೋರ್ಫುವಿಗೆ ಬಂದಿಳಿದ ಜೆರಿಗೂ, ಅಂದರೆ ಬಾಲಕ ಜೆರಾಲ್ಡ್ ಡರೆಲ್‌ಗೂ, ಹತ್ತೇ ವರ್ಷ. ವಿಧವೆ ತಾಯಿ, ಲೇಖಕನಾಗಹೊರಟ ಹಿರಿಯಣ್ಣ ಲ್ಯಾರಿ, ಸದಾ ಬಂದೂಕಿನ ಜೊತೆಗಿರುವ ಎರಡನೆಯ ಅಣ್ಣ ಲೆಸ್ಲಿ, ತನ್ನ ಮೊಡವೆಗಳೊಡನೆ ಯುದ್ಧಕ್ಕಿಳಿದ ಅಕ್ಕ ಮಾರ್ಗೊ, ರೋಜರ್ ಎಂಬ ನಾಯಿ ಇವರ ನಡುವೆ ಅವನಿಗೆ ಸಿಕ್ಕಿದ್ದು ಬೇಲಿಯಿಲ್ಲದ ಒಂದು ದ್ವೀಪ. ಅವನ ಹತ್ತನೆಯ ವರ್ಷದ ಭಯಾನಕ ದೃಶ್ಯವೆಂದರೆ ಊಟದ ಹೊತ್ತಿಗೆ ಸಂಭವಿಸುವ ಚೇಳಿನ ಪ್ರಕರಣ. ಬೆನ್ನ ಮೇಲೆ ಮರಿಗಳನ್ನು ಹೊತ್ತ ತಾಯಿಚೇಳನ್ನು ಹುಡುಗ ಬೆಂಕಿಪೊಟ್ಟಣದಲ್ಲಿಟ್ಟು ಮರೆತಿರುತ್ತಾನೆ. ಸಿಗರೇಟು ಹಚ್ಚಿಕೊಳ್ಳಲು ಲ್ಯಾರಿ ಅದೇ ಪೊಟ್ಟಣವನ್ನು ತೆರೆಯುತ್ತಾನೆ. ಆಮೇಲಿನ ಗದ್ದಲದಲ್ಲಿ ಎಲ್ಲರೂ ಕಿರುಚುತ್ತಾರೆ, ಯಾರನ್ನು ರಕ್ಷಿಸಬೇಕೆಂದು ತಿಳಿಯದ ನಾಯಿ ಮನೆಗೆಲಸದಾಕೆಯ ಕಾಲನ್ನೇ ಕಚ್ಚುತ್ತದೆ, ಹುಡುಗನ ಕಾಳಜಿಯೆಲ್ಲ ಚೇಳಿನ ಮರಿಗಳ ಕುರಿತಾಗಿರುತ್ತದೆ. ಈ ಪ್ರಸಂಗವನ್ನು ನಾನು ಈಗಾಗಲೇ ಮೂರು ಸಲ ಓದಿದ್ದೇನೆ, ಮೂರು ಸಲವೂ ನಕ್ಕಿದ್ದೇನೆ. ಅಂತರ ಬಿಟ್ಟು ಓದಿದ್ದೆ ಎಂಬುದನ್ನೂ ಹೇಳಬೇಕು.

ಈ ಇಬ್ಬರು ಹುಡುಗರ ನಡುವೆ ಒಂದು ಸಾಮ್ಯವಿದೆ, ಅದನ್ನು ಕಂಡ ಮೇಲೆ ಒಂದು ಗಂಭೀರ, ಒಂದು ಹಗುರ ಎಂಬ ವಿಂಗಡಣೆ ನನಗೆ ಸಡಿಲವಾಗಿ ಕಾಣತೊಡಗಿತು. ಇಬ್ಬರೂ ಪಾಠದ ಕೋಣೆಯಿಂದ ತಪ್ಪಿಸಿಕೊಂಡು ಕಲಿತವರು. ದಂಗೆಯ ನಂತರ ಅರಮನೆಯಿಂದ ದೂರವಾಗಿ ಬೆಳೆದ ಪೀಟರ್ ಆಟದ ಸೈನ್ಯ ಕಟ್ಟಿ, ಅದರಲ್ಲಿ ತಾನು ಕೆಳದರ್ಜೆಯ ಸಿಪಾಯಿಯಾಗಿ ಸೇರಿ, ಕೊನೆಗೆ ಆ ಆಟವನ್ನೇ ನಿಜವಾದ ರೆಜಿಮೆಂಟುಗಳಾಗಿ ಬೆಳೆಸುತ್ತಾನೆ. 1688ರಲ್ಲಿ ಇಜ್ಮೈಲೊವೊದ ಉಗ್ರಾಣವೊಂದರಲ್ಲಿ ಕೊಳೆಯುತ್ತಿದ್ದ ಹಳೆಯ ಹಾಯಿದೋಣಿಯನ್ನು ಕಂಡು, ಗಾಳಿಗೆ ಎದುರಾಗಿಯೂ ಅದು ಸಾಗಬಲ್ಲುದೆಂದು ತಿಳಿದು ಹುಚ್ಚನಾಗುತ್ತಾನೆ. ಜೆರಿಗೆ ಅಂಥ ದೋಣಿಯಾಗಿ ಒದಗಿದವರು ಥಿಯೋಡೋರ್ ಸ್ಟೆಫನೈಡಿಸ್ ಎಂಬ ವೈದ್ಯ ಹಾಗೂ ವಿಜ್ಞಾನಿ. ಹುಡುಗನೆಂದು ಹಗುರವಾಗಿ ನೋಡದೆ, ಸಹೋದ್ಯೋಗಿಯೊಡನೆ ಮಾತಾಡುವಂತೆ ಅವನೊಡನೆ ಮಾತಾಡಿ, ಬಾಗಿಲು ಮುಚ್ಚಿಕೊಳ್ಳುವ ಜೇಡದ ಬಿಲವನ್ನು ಪರೀಕ್ಷಿಸಿ, ಮರೆಯದೆ ಒಂದು ಪುಟ್ಟ ಸೂಕ್ಷ್ಮದರ್ಶಕವನ್ನು ಕಳುಹಿಸಿಕೊಟ್ಟ ಮನುಷ್ಯ ಅವರು. ಡರೆಲ್ ಮುಂದೆ 1959ರಲ್ಲಿ ಜರ್ಸಿ ದ್ವೀಪದಲ್ಲಿ ಅಳಿವಿನಂಚಿನ ಪ್ರಾಣಿಗಳಿಗಾಗಿ ತಮ್ಮದೇ ಮೃಗಾಲಯವನ್ನು ಆರಂಭಿಸಿದರು. ಆ ದೋಣಿಯಿಂದ ರಷ್ಯಾದ ನೌಕಾಪಡೆ ಹುಟ್ಟಿದಂತೆ, ಈ ಸೂಕ್ಷ್ಮದರ್ಶಕದಿಂದ ಆ ಮೃಗಾಲಯ ಹುಟ್ಟಿತು ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಎರಡು ಪುಸ್ತಕಗಳನ್ನು ಒಟ್ಟಿಗೆ ಓದಿದವರಿಗೆ ಹಾಗೆ ಅನ್ನಿಸದೆ ಇರದು.

ಹಾಸ್ಯವಾದರೂ ಡರೆಲ್ ಅವರ ಗುತ್ತಿಗೆಯಾಗಿ ಉಳಿದಿಲ್ಲ. ಮ್ಯಾಸಿ ಅವರ ಪುಸ್ತಕದಲ್ಲಿ ನಾನು ಅತಿ ಹೆಚ್ಚು ನಕ್ಕಿದ್ದು ಪೀಟರನ ಯುರೋಪ್ ಪ್ರವಾಸದ ಭಾಗದಲ್ಲಿ. 1697ರಲ್ಲಿ ಅವನು ತನ್ನದೇ ರಾಯಭಾರಿ ತಂಡದಲ್ಲಿ ಪೀಟರ್ ಮಿಖೈಲೊವ್ ಎಂಬ ಹುಸಿ ಹೆಸರಿನಲ್ಲಿ, ಯಾರಿಗೂ ಗುರುತು ಸಿಗಬಾರದೆಂಬ ಕಟ್ಟಪ್ಪಣೆಯೊಡನೆ ಹೊರಡುತ್ತಾನೆ. ಆರೂವರೆ ಅಡಿ ಎತ್ತರದ ಮನುಷ್ಯನಿಗೆ ಗುರುತು ಸಿಗದಂತೆ ತಿರುಗುವ ಆಸೆ! ಹಾಲೆಂಡಿನ ಹಡಗುಕಟ್ಟೆಯಲ್ಲಿ ಕೊಡಲಿ ಹಿಡಿದು ಬಡಗಿಯಾಗಿ ದುಡಿದ ಮೇಲೆ, 1698ರಲ್ಲಿ ಇಂಗ್ಲೆಂಡಿನ ಡೆಪ್ಟ್‌ಫರ್ಡ್‌ನಲ್ಲಿ ಜಾನ್ ಈವ್ಲಿನ್ ಎಂಬ ವಿದ್ವಾಂಸರ ಮನೆಯಲ್ಲಿ ಅವನ ಬಿಡಾರವಾಗುತ್ತದೆ. ಈವ್ಲಿನ್ ದಶಕಗಳ ಕಾಲ ಮಗುವಿನಂತೆ ಬೆಳೆಸಿದ ತೋಟ, ಅದರಲ್ಲೂ ಹೆಮ್ಮೆಪಟ್ಟು ಬರೆದುಕೊಂಡ ಒಂದು ಹಸಿರು ಬೇಲಿ ಅಲ್ಲಿತ್ತು. ಪೀಟರ್ ಮತ್ತು ಗೆಳೆಯರು ಒಬ್ಬರನ್ನೊಬ್ಬರು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಆ ಬೇಲಿಯೊಳಗೇ ನುಗ್ಗಿಸಿದರು; ಕುರ್ಚಿಗಳು ಒಲೆ ಸೇರಿದವು, ಗೋಡೆಯ ಚಿತ್ರಗಳು ಗುರಿಯಿಡುವ ಹಲಗೆಗಳಾದವು. ಅವರು ಹೋದ ಮೇಲೆ ನಷ್ಟವನ್ನು ಅಳೆಯಲು ಬಂದವರು ಸಾಕ್ಷಾತ್ ಕ್ರಿಸ್ಟೋಫರ್ ರೆನ್, ಸೇಂಟ್ ಪಾಲ್ ಕೆಥೆಡ್ರಲಿನ ವಾಸ್ತುಶಿಲ್ಪಿ. ಅವರ ಲೆಕ್ಕ 350 ಪೌಂಡನ್ನು ಮುಟ್ಟಿತು. ಇದೇ ಪ್ರಸಂಗ ಡರೆಲ್ ಅವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಊಹಿಸಿದೆ. ಮ್ಯಾಸಿ ನಗಿಸಲು ಪ್ರಯತ್ನಿಸುವುದೇ ಇಲ್ಲ, ನಷ್ಟದ ಪಟ್ಟಿಯನ್ನು ನಮ್ಮ ಮುಂದಿಡುತ್ತಾರೆ. ಆ ಪಟ್ಟಿಯೇ ಸಾಕಾಗುತ್ತದೆ.

ಡರೆಲ್ ಅವರ ನಗೆಯ ಕಟ್ಟಡ ಮಾತುಗಳ ಮೇಲೆ ನಿಂತಿದೆ. ಪುಸ್ತಕವು ಮೂರು ಮನೆಗಳ ಪ್ರಕಾರ ಮೂರು ಭಾಗವಾಗಿದೆ: ನಸುಗೆಂಪು ಬಣ್ಣದ ಮನೆ, ಹಳದಿ ಮನೆ, ಬಿಳಿ ಮನೆ. ಮೊದಲ ಮನೆಯನ್ನು ಬಿಟ್ಟದ್ದೇಕೆ? ಲ್ಯಾರಿ ಒಬ್ಬನೇ ತೀರ್ಮಾನಿಸಿ ಗೆಳೆಯರ ದಂಡನ್ನೇ ಆಹ್ವಾನಿಸಿದ್ದರಿಂದ; ಜಾಗವಿಲ್ಲವೆಂದು ತಾಯಿ ಹೇಳಿದಾಗ, ಹಾಗಾದರೆ ದೊಡ್ಡ ಮನೆಗೆ ಹೋಗೋಣ ಎಂಬುದು ಅವನ ಪರಿಹಾರ. ದೊಡ್ಡ ಮನೆಯನ್ನು ಬಿಟ್ಟದ್ದೇಕೆ? ಬೇಡದ ಬಂಧುವೊಬ್ಬಳು ಬಂದು ಉಳಿಯುವುದಾಗಿ ಬರೆದಾಗ, ನಮ್ಮಲ್ಲಿ ಜಾಗವಿಲ್ಲ ಎಂದು ಪ್ರಾಮಾಣಿಕವಾಗಿ ಉತ್ತರಿಸಲು ಅನುಕೂಲವಾಗಲೆಂದು. ಇಂಥ ತರ್ಕಕ್ಕೆ ಮಣಿಯುತ್ತ, ಮಣಿಯುವ ಮುನ್ನ ಮಾತ್ರ ಪ್ರತಿ ಸಲವೂ ದೃಢವಾಗಿ ನಿರಾಕರಿಸುವ ತಾಯಿಯೇ ಈ ಪುಸ್ತಕದ ಅತ್ಯುತ್ತಮ ಪಾತ್ರ. ಲ್ಯಾರಿಯ ಮಾತುಗಳನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ನನಗೆ ನೆನಪುಳಿದವಳು ಅಡುಗೆಯ ಪುಸ್ತಕದಿಂದ ಕಣ್ಣೆತ್ತದೆ ಅವನನ್ನು ತಿದ್ದುವ ತಾಯಿ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಈ ಎರಡು ಬಗೆಯ ಪುಸ್ತಕಗಳ ನಿಜವಾದ ವ್ಯತ್ಯಾಸವಿರುವುದು ಬಿಡುವ ಹಕ್ಕಿನಲ್ಲಿ. ನೆನಪನ್ನು ಬರೆಯುವವರಿಗೆ ಆ ಹಕ್ಕು ಇದೆ. ಜೀವನಚರಿತ್ರೆ ಬರೆಯುವವರಿಗೆ ಇಲ್ಲ, ಅಥವಾ ಇದ್ದರೂ ಅದನ್ನು ಬಳಸಿದರೆ ಕೆಟ್ಟ ಹೆಸರು.

ಡರೆಲ್ ಅವರು ಏನೇನನ್ನು ಬಿಟ್ಟಿದ್ದಾರೆಂದು ನೋಡಿದರೆ ಅಚ್ಚರಿಯಾಗುತ್ತದೆ. ಪುಸ್ತಕದಲ್ಲಿ ಲ್ಯಾರಿ ಸದಾ ಮನೆಯ ನಡುಕೋಣೆಯಲ್ಲಿದ್ದಾನೆ, ಅವಿವಾಹಿತ. ವಾಸ್ತವದಲ್ಲಿ ಕಾದಂಬರಿಕಾರ ಲಾರೆನ್ಸ್ ಡರೆಲ್ ಕೋರ್ಫುವಿಗೆ ಬರುವಾಗಲೇ ಮದುವೆಯಾಗಿದ್ದರು, ಪತ್ನಿ ನ್ಯಾನ್ಸಿಯೊಡನೆ ದ್ವೀಪದ ಇನ್ನೊಂದು ಕಡೆ, ಕಲಾಮಿ ಎಂಬ ಹಳ್ಳಿಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದರು. ಆ ಹೆಂಡತಿಗೆ ಈ ಪುಸ್ತಕದಲ್ಲಿ ಒಂದು ಸಾಲಿನ ಜಾಗವೂ ಇಲ್ಲ. ಕುಟುಂಬ ದ್ವೀಪವನ್ನು ಬಿಟ್ಟದ್ದು 1939ರಲ್ಲಿ, ಯುರೋಪಿನ ಮೇಲೆ ಮಹಾಯುದ್ಧ ಕವಿಯುತ್ತಿದ್ದಾಗ. ಪುಸ್ತಕ ಕೊಡುವ ಕಾರಣ ಹುಡುಗನ ವಿದ್ಯಾಭ್ಯಾಸ. 1936ರಲ್ಲಿ ಗ್ರೀಸ್ ಮೆತಾಕ್ಸಸ್‌ನ ಸರ್ವಾಧಿಕಾರಕ್ಕೆ ಒಳಗಾದದ್ದು ಜೆರಿಯ ಬಿಸಿಲಿನ ಮೇಲೆ ನೆರಳನ್ನೇ ಬೀಳಿಸುವುದಿಲ್ಲ. ಲಾರೆನ್ಸ್ ಅವರೇ ಇದೇ ವರ್ಷಗಳ ಕೋರ್ಫುವಿನ ಬಗ್ಗೆ 1945ರಲ್ಲಿ ಪ್ರಕಟಿಸಿದ ‘ಪ್ರಾಸ್ಪೆರೋಸ್ ಸೆಲ್’ ಎಂಬ ಪುಸ್ತಕವನ್ನು ತೆರೆದರೆ ಕಥೆ ಇನ್ನೂ ಸ್ವಾರಸ್ಯವಾಗುತ್ತದೆ: ಅಲ್ಲಿ ಹೆಂಡತಿ ‘ಎನ್.’ ಎಂಬ ಒಂದಕ್ಷರವಾಗಿ ಉದ್ದಕ್ಕೂ ಇದ್ದಾಳೆ, ಗದ್ದಲದ ಈ ಸಂಸಾರ ಮಾತ್ರ ಬಹುಪಾಲು ಕಾಣೆಯಾಗಿದೆ. ಒಂದೇ ದ್ವೀಪದಲ್ಲಿದ್ದ ಅಣ್ಣ ತಮ್ಮಂದಿರು ಇನ್ನೊಬ್ಬರ ಮನೆಯನ್ನು ಅಳಿಸಿಯೇ ತಮ್ಮ ತಮ್ಮ ಸ್ವರ್ಗವನ್ನು ಬರೆದುಕೊಂಡರು.

ಇದು ಸುಳ್ಳೇ ಎಂದು ಕೇಳಿದರೆ ನಾನು ಸುಳ್ಳೆನ್ನಲಾರೆ. ಡರೆಲ್ ತಮ್ಮ ಮುನ್ನುಡಿಯಲ್ಲೇ, ಇದು ಪ್ರಕೃತಿವೀಕ್ಷಣೆಯ ಪುಸ್ತಕವಾಗಬೇಕಿತ್ತು, ಮೊದಲ ಪುಟಗಳಲ್ಲಿ ಮನೆಯವರನ್ನು ಒಳಗೆ ಬಿಟ್ಟದ್ದೇ ತಪ್ಪಾಯಿತು ಎಂಬ ಧಾಟಿಯಲ್ಲಿ ಎಚ್ಚರಿಸಿದ್ದಾರೆ. ಅಲ್ಲಿಂದಾಚೆಗೆ ಇದು ಹತ್ತು ವರ್ಷದವನ ಕಣ್ಣಿನ ಅಳತೆಯ ಸತ್ಯ. ಆ ವಯಸ್ಸಿನವನಿಗೆ ಸರ್ವಾಧಿಕಾರಿಗಿಂತ ಆಮೆ ದೊಡ್ಡದು. ನಮ್ಮ ಬೀchi ಅವರು ತಮ್ಮ ಆತ್ಮಕಥೆಯನ್ನು ‘ನನ್ನ ಭಯಾಗ್ರಫಿ’ ಎಂದು ಕರೆದುಕೊಂಡರಲ್ಲ, ಆ ಹೆಸರಿನ ಚೇಷ್ಟೆಯಲ್ಲಿ ಒಂದು ತಿಳಿವಳಿಕೆಯೂ ಇದೆ: ತನ್ನ ಬದುಕನ್ನು ತಾನೇ ಬರೆಯುವಾಗ ಭಯ ಇದ್ದೇ ಇರುತ್ತದೆ, ನಗೆ ಆ ಭಯವನ್ನು ದಾಟುವ ಒಂದು ದಾರಿ. ಡರೆಲ್ ಅವರ ನಗೆಯ ಅಡಿಯಲ್ಲಿಯೂ ಕತ್ತಲು ಇಣುಕುವ ಜಾಗಗಳಿವೆ. ಹೆಂಡತಿಯನ್ನು ಕೊಂದು ಸೆರೆಮನೆಯಲ್ಲಿರುವ ಕೋಸ್ತಿ ಎಂಬ ಕೈದಿ ಹುಡುಗನಿಗೆ ಗೆಳೆಯನಾಗುತ್ತಾನೆ, ಒಂದು ದೊಡ್ಡ ಕಡಲಹಕ್ಕಿಯನ್ನು ಕೊಡುತ್ತಾನೆ. ಹುಡುಗನಿಗೆ ಕೊಲೆಯ ಸುದ್ದಿ ಕೇವಲ ಒಂದು ಸುದ್ದಿ, ಹಕ್ಕಿ ಮಾತ್ರ ಮಹತ್ವದ್ದು. ಅದನ್ನು ಕೇಳಿದ ತಾಯಿಯ ಗಾಬರಿಯೇ ಅಲ್ಲಿ ಹಾಸ್ಯ. ಓದುಗ ಕ್ಷಣಕಾಲ ಅಳುಕಿ, ಮತ್ತೆ ನಗುತ್ತಾನೆ. ಆ ಕೊಲೆಯ ಒಳಗೆ ಹೋಗುವ ಕೆಲಸ ಈ ಪುಸ್ತಕದ್ದಲ್ಲ.

ಮ್ಯಾಸಿ ಅವರಿಗೆ ಹಾಗೆ ಪಕ್ಕಕ್ಕೆ ಸರಿಯುವ ಅವಕಾಶ ಇಲ್ಲ. 1698ರಲ್ಲಿ ಸ್ಟ್ರೆಲ್ತ್ಸಿಗಳು ಮತ್ತೆ ದಂಗೆಯೆದ್ದ ಸುದ್ದಿ ಕೇಳಿ ಪ್ರವಾಸವನ್ನು ಮೊಟಕುಗೊಳಿಸಿ ಮರಳಿದ ಪೀಟರ್, ಬಂದ ಮರುದಿನ ಶ್ರೀಮಂತರ ಗಡ್ಡಗಳನ್ನು ತಾನೇ ಕತ್ತರಿಸುತ್ತಾನೆ. ನಾವು ನಗುತ್ತೇವೆ. ಕೆಲವೇ ಪುಟಗಳ ಆಚೆ ಚಿತ್ರಹಿಂಸೆಯ ಕೋಣೆಗಳು ತೆರೆದುಕೊಳ್ಳುತ್ತವೆ, ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಆಸ್ಟ್ರಿಯಾದ ರಾಯಭಾರ ತಂಡದ ಕಾರ್ಯದರ್ಶಿಯಾಗಿದ್ದ ಯೋಹಾನ್ ಕೋರ್ಬ್ ಎಂಬಾತ ಕಂಡು ಬರೆದಿಟ್ಟ ದಿನಚರಿ, ಪೀಟರನ ಸೇವೆಯಲ್ಲಿದ್ದ ಸ್ಕಾಟ್ಲೆಂಡಿನ ಸೇನಾಧಿಕಾರಿ ಪ್ಯಾಟ್ರಿಕ್ ಗಾರ್ಡನ್ ಬರೆದ ದಿನಚರಿ ಇಂಥ ಆಧಾರಗಳಿಂದ ಈ ಭಾಗಗಳಿಗೆ ಕಣ್ಣಾರೆ ಕಂಡವರ ಬಿಗಿ ಬಂದಿದೆ. ಹಲ್ಲು ಕೀಳುವುದು ಪೀಟರನಿಗೆ ಹವ್ಯಾಸವಾಗಿತ್ತು, ಅವನು ಕಿತ್ತ ಹಲ್ಲುಗಳ ಸಂಗ್ರಹ ಇಂದಿಗೂ ಸೇಂಟ್ ಪೀಟರ್ಸ್‌ಬರ್ಗಿನ ಕುನ್ಸ್ಟ್‌ಕಾಮೆರಾ ಸಂಗ್ರಹಾಲಯದಲ್ಲಿದೆ ಎಂಬ ವಿವರವನ್ನು ಎಲ್ಲಿ ಇಡಬೇಕು, ವಿನೋದದ ಕಡೆಗೋ ಭೀತಿಯ ಕಡೆಗೋ, ಎಂದು ನನಗೆ ಇನ್ನೂ ತಿಳಿದಿಲ್ಲ.

ಇಡೀ ಪುಸ್ತಕದ ಅತ್ಯಂತ ಭಾರವಾದ ಭಾಗ ಮಗ ಅಲೆಕ್ಸೇಯ್‌ನ ಕಥೆ. ತಂದೆಯ ಯುದ್ಧ, ಹಡಗು, ಅವಸರ ಯಾವುದೂ ಬೇಡವಾದ, ಓದು ಮತ್ತು ಪ್ರಾರ್ಥನೆಯ ಕಡೆಗೆ ವಾಲಿದ ಮಗ ಅವನು. ತಂದೆಗೆ ಹೆದರಿ ವಿಯೆನ್ನಾಕ್ಕೆ ಓಡಿಹೋಗುತ್ತಾನೆ. ಅಲ್ಲಿನ ಚಕ್ರವರ್ತಿ ಅವನನ್ನು ಮೊದಲು ಟಿರೋಲ್‌ನ ಕೋಟೆಯಲ್ಲಿ, ಆಮೇಲೆ ನೇಪಲ್ಸ್‌ನಲ್ಲಿ ಬಚ್ಚಿಡುತ್ತಾನೆ. ಕ್ಷಮಿಸುತ್ತೇನೆಂಬ ತಂದೆಯ ಮಾತನ್ನು ಹೊತ್ತ ದೂತನನ್ನು ನಂಬಿ ಮರಳುತ್ತಾನೆ. 1718ರಲ್ಲಿ ಚಾಟಿಯ ಏಟುಗಳ ವಿಚಾರಣೆಗೊಳಗಾಗಿ, ಮರಣದಂಡನೆಯ ತೀರ್ಪು ಬಂದ ಮೇಲೆ, ಅದು ಜಾರಿಯಾಗುವ ಮುನ್ನವೇ ಪೀಟರ್ ಮತ್ತು ಪಾಲ್ ಕೋಟೆಯಲ್ಲಿ ಸಾಯುತ್ತಾನೆ. ಸಾವು ಹೇಗಾಯಿತೆಂಬುದಕ್ಕೆ ಒಂದಕ್ಕೊಂದು ಹೊಂದದ ಹೇಳಿಕೆಗಳಿವೆ. ತಂದೆಯನ್ನು ಇಷ್ಟೊತ್ತು ಮೆಚ್ಚುತ್ತ ಬಂದ ಮ್ಯಾಸಿ ಇಲ್ಲಿ ಅವನ ಪರವಾಗಿ ವಕಾಲತ್ತು ವಹಿಸುವುದಿಲ್ಲ. ಪತ್ರಗಳನ್ನು ಮುಂದಿಟ್ಟು ಹಿಂದೆ ಸರಿಯುತ್ತಾರೆ. ಡೆಪ್ಟ್‌ಫರ್ಡಿನ ತಳ್ಳುಗಾಡಿಯ ಹುಡುಗಾಟಿಕೆಯೂ ಈ ಕೋಟೆಯ ತಂದೆಯೂ ಒಬ್ಬನೇ ಮನುಷ್ಯ ಎಂಬುದನ್ನು ಒಪ್ಪಿಕೊಳ್ಳಲು ಒಂಬೈನೂರು ಪುಟಗಳು ಬೇಕೇ ಬೇಕು. ಇನ್ನೂರು ಪುಟಗಳ ಚುಟುಕು ಚರಿತ್ರೆ ಅವನನ್ನು ಮಹಾಪುರುಷನನ್ನಾಗಿಯೋ ರಾಕ್ಷಸನನ್ನಾಗಿಯೋ ಮಾಡಿ ಮುಗಿಸಿಬಿಡುತ್ತದೆ.

ಹಾಗೆಂದು ಪ್ರತಿ ಪುಟವೂ ಬೇಕೆಂದು ನಾನು ಹೇಳುವುದಿಲ್ಲ. ಶೀರ್ಷಿಕೆಯಲ್ಲಿರುವ ‘ಅಂಡ್ ವರ್ಲ್ಡ್’ ಎಂಬ ಮಾತನ್ನು ಮ್ಯಾಸಿ ಅಕ್ಷರಶಃ ಪಾಲಿಸಿದ್ದಾರೆ. ಹದಿನಾಲ್ಕನೆಯ ಲೂಯಿಯ ಫ್ರಾನ್ಸ್, ಒಟ್ಟೋಮನ್ ದರ್ಬಾರು, ಯುರೋಪಿನ ರಾಜಕುಲಗಳ ನಂಟುಗಳು ಎಲ್ಲವೂ ಬರುತ್ತವೆ, ಮತ್ತು ಕೆಲವು ಕಡೆ ಪೀಟರ್ ಎಲ್ಲಿ ಹೋದನೆಂದು ಹುಡುಕಬೇಕಾಗುತ್ತದೆ. 1700ರಿಂದ 1721ರವರೆಗೆ ನಡೆದ ಉತ್ತರದ ಮಹಾಯುದ್ಧದ ಸೇನಾಚಲನೆಗಳಲ್ಲಿ ನನ್ನ ಗಮನ ಎರಡು ಮೂರು ಸಲ ಜಾರಿತು. ಆದರೆ ಸ್ವೀಡನ್ನಿನ ದೊರೆ ಹನ್ನೆರಡನೆಯ ಚಾರ್ಲ್ಸ್‌ನ ಬಗೆಗಿನ ಪುಟಗಳನ್ನು ಮಾತ್ರ ಹಾರಿಸಬೇಡಿ. ಹದಿನೆಂಟರ ಹರೆಯದಲ್ಲಿ ನಾರ್ವಾದಲ್ಲಿ ರಷ್ಯಾದ ಸೈನ್ಯವನ್ನು ಧೂಳೀಪಟ ಮಾಡಿದವನು, ಒಂಬತ್ತು ವರ್ಷಗಳ ನಂತರ ಪೊಲ್ಟಾವಾದಲ್ಲಿ ಗಾಯಗೊಂಡ ಕಾಲಿನೊಡನೆ ಹೊರುವ ಮಂಚದ ಮೇಲೆ ಮಲಗಿ ತನ್ನ ಸೈನ್ಯ ಕರಗುವುದನ್ನು ನೋಡಿದವನು ಅವನು. ಅವನಿಲ್ಲದಿದ್ದರೆ ಪೀಟರ್ ಅರ್ಧ ಮಾತ್ರ ಅರ್ಥವಾಗುತ್ತಾನೆ. ನನ್ನ ಇನ್ನೊಂದು ದೂರು ಇನ್ನೂ ಗಟ್ಟಿಯಾದದ್ದು: ಜೌಗಿನಲ್ಲಿ ನಗರ ಕಟ್ಟಲು ಬಲವಂತವಾಗಿ ಎಳೆದು ತಂದ ಜನರ ಬಗ್ಗೆ ಪುಸ್ತಕದಲ್ಲಿ ವಿವರವಿದೆ, ಮರುಕವೂ ಇದೆ, ಆದರೆ ಅವರಲ್ಲಿ ಒಬ್ಬನ ಮುಖವೂ ನಮಗೆ ಕಾಣುವುದಿಲ್ಲ. ದಿನಚರಿ ಬರೆದಿಟ್ಟವರು ರಾಯಭಾರಿಗಳು, ಸೇನಾಪತಿಗಳು. ಮಣ್ಣು ಹೊತ್ತವರು ಏನನ್ನೂ ಬರೆದಿಡಲಿಲ್ಲ. ಜೀವನಚರಿತ್ರೆಕಾರರಿಗೆ ಬಿಡುವ ಹಕ್ಕಿಲ್ಲವೆಂದೆ. ಅವರ ಪರವಾಗಿ ಕಾಲವೇ ಬಿಟ್ಟುಬಿಡುವುದುಂಟು.

ಕೊಳ್ಳುವವರ ಅನುಕೂಲಕ್ಕೆ ಎರಡು ಮಾತು. ಮ್ಯಾಸಿ ಅವರ ಪುಸ್ತಕವನ್ನು ಕಾಗದದಲ್ಲಿ ಓದುವುದು ಒಳ್ಳೆಯದು. ಭೂಪಟಗಳಿಗೂ ಕೊನೆಯ ಸೂಚಿಗೂ ಪದೇ ಪದೇ ಮರಳಬೇಕಾಗುತ್ತದೆ, ಸಣ್ಣ ಪರದೆಯಲ್ಲಿ ಅದು ಕಿರಿಕಿರಿ. ಒಂದೇ ಮನುಷ್ಯನಿಗೆ ತಂದೆಯ ಹೆಸರು, ಕುಲನಾಮ, ಮುದ್ದಿನ ಹೆಸರು ಎಂದು ಮೂರು ನಾಲ್ಕು ಹೆಸರಿರುವುದರಿಂದ ಮೊದಲ ನೂರು ಪುಟಗಳಿಗಾದರೂ ಒಂದು ಚೀಟಿಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬರೆದಿಟ್ಟುಕೊಂಡರೆ ಹಾದಿ ಸಲೀಸು. ಡರೆಲ್ ಅವರ ಪುಸ್ತಕಕ್ಕೆ ಇಂಥ ಯಾವ ಸಿದ್ಧತೆಯೂ ಬೇಡ. ಅದನ್ನು ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಬಹುದು, ಸಂಭಾಷಣೆಗಳು ಹಾಗೆ ಓದಿದಾಗಲೇ ಹೆಚ್ಚು ಮಿಂಚುತ್ತವೆ. ಮುಗಿದ ಮೇಲೂ ಆಸೆ ಉಳಿದರೆ ಅದೇ ದ್ವೀಪದ ಬಗ್ಗೆ 1969ರಲ್ಲೂ 1978ರಲ್ಲೂ ಅವರು ಮತ್ತೆರಡು ಪುಸ್ತಕಗಳನ್ನು ಪ್ರಕಟಿಸಿದ್ದಾರೆ. ಮೊದಲನೆಯದರ ತಾಜಾತನವನ್ನು ಅವುಗಳಲ್ಲಿ ನಿರೀಕ್ಷಿಸಬೇಡಿ, ಥಿಯೋಡೋರ್ ಅವರನ್ನು ಮತ್ತೆ ಕಾಣಬಹುದು.

ಹಾಗಾದರೆ ಒಂದನ್ನೇ ಆರಿಸಬೇಕಾದವರಿಗೆ ನನ್ನ ಉತ್ತರವೇನು? ಒಂದೇ ಸಲ ಓದಿ ಪುಸ್ತಕವನ್ನು ಕೆಳಗಿಡುವವರು, ಮುಂದಿನ ಎರಡು ತಿಂಗಳ ರಾತ್ರಿಗಳನ್ನು ಒಂದೇ ಕಥೆಗೆ ಕೊಡಬಲ್ಲವರು ಪೀಟರನನ್ನು ಆರಿಸಿಕೊಳ್ಳಲಿ. ಗಾತ್ರಕ್ಕೆ ಹೆದರುವ ಕಾರಣವೇ ಇಲ್ಲ, ಕೊಟ್ಟ ಸಮಯಕ್ಕೆ ಅದು ಹೆಚ್ಚನ್ನು ಹಿಂದಿರುಗಿಸುತ್ತದೆ. ಮತ್ತೆ ಮತ್ತೆ ತೆರೆದು, ಬೇಕಾದ ಪ್ರಸಂಗವನ್ನು ಓದಿ ಮುಚ್ಚಿಡುವ ಅಭ್ಯಾಸವುಳ್ಳವರಿಗೆ ಡರೆಲ್ ಸರಿ. ಇದಿಷ್ಟು ಸಾಮಾನ್ಯ ಉತ್ತರ, ಮತ್ತು ಸಾಮಾನ್ಯವಾಗಿ ನಾನು ಮ್ಯಾಸಿ ಅವರ 1980ರ ಪುಸ್ತಕವನ್ನೇ ಮೊದಲು ಕೈಗೆ ಕೊಡುತ್ತೇನೆ, ಏಕೆಂದರೆ ಅದು ನಗಿಸಲೂ ಬಲ್ಲದು. ಕೋರ್ಫುವಿನ ಪುಸ್ತಕ ಮಾತ್ರ ಅಲೆಕ್ಸೇಯ್‌ನ ಕೋಟೆಯವರೆಗೆ ಬರಲಾರದು.

ಆದರೆ ಆ ದಿನ ಕೇಳಿದ ಆಪ್ತರು ಆಗ ಮನೆಯಲ್ಲಿ ಕಾಯಿಲೆ ಬಿದ್ದ ತಂದೆಯ ಶುಶ್ರೂಷೆಯಲ್ಲಿದ್ದರು, ಹಗಲು ರಾತ್ರಿಯೆನ್ನದೆ ಅರ್ಧ ಅರ್ಧ ಗಂಟೆಯ ಬಿಡುವಿನಲ್ಲಿ ಓದಬೇಕಾಗಿದ್ದವರು. ತಂದೆ ಮತ್ತು ಮಗನ ಆ ಅಧ್ಯಾಯಗಳನ್ನು ಅವರ ಕೈಗೆ ಆಗ ಕೊಡುವುದು ಸರಿಯಾಗುತ್ತಿರಲಿಲ್ಲ. ಕೊಟ್ಟ ಕಾರಣಗಳು ತಪ್ಪಾಗಿದ್ದರೂ ಕೊಟ್ಟ ಪುಸ್ತಕ ತಪ್ಪಾಗಿರಲಿಲ್ಲ. ಮೊನ್ನೆ ಮಾತಿಗೆ ಸಿಕ್ಕಾಗ, ಹಾಸಿಗೆಯ ಪಕ್ಕ ಕುಳಿತು ಚೇಳಿನ ಪ್ರಸಂಗವನ್ನು ತಂದೆಗೆ ಕನ್ನಡದಲ್ಲಿ ಹೇಳಿದೆ, ಅವರು ಕೇಳಿ ನಕ್ಕು, ಆ ಮರಿಗಳು ಕೊನೆಗೆ ಏನಾದವೆಂದು ಕೇಳಿದರು ಎಂದರು. ಪೀಟರನನ್ನು ನಾನು ಅವರಿಗಾಗಿ ಬೇರೆ ತೆಗೆದಿಟ್ಟಿದ್ದೇನೆ, ಹೆಸರುಗಳ ಚೀಟಿಯನ್ನೂ ಅದರೊಳಗೆ ಇಟ್ಟಿದ್ದೇನೆ.